ಕಾರ್ ಟೈರು ಹಾಕಿದ ಬೈಕಿನಲ್ಲಿ ರೈಡರ್ ತರಬೇತಿ: ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಟೂರಿಂಗ್ ಬೈಕುಗಳ ಹಿಂದಿನ ಚಕ್ರಕ್ಕೆ ಕಾರ್ ಟೈರು ಹಾಕಿಸಿ ಓಡಿಸುವವರು ಇದನ್ನು ‘ಡಾರ್ಕ್‌ಸೈಡ್’ ಅಂತ ಕರೆಯುತ್ತಾರೆ. ಹೋಂಡಾ ಗೋಲ್ಡ್‌ವಿಂಗ್, ವಾಲ್ಕಿರಿ, ಟ್ರಯಂಫ್ ರಾಕೆಟ್ ಥರದ ಭಾರಿ ಬೈಕುಗಳಲ್ಲಿ ಇದು ಹೆಚ್ಚು. ಬೈಕ್ ಟೈರಿಗಿಂತ ಎರಡು ಮೂರು ಪಟ್ಟು ಬಾಳಿಕೆ ಬರುತ್ತದೆ, ರನ್‌ಫ್ಲಾಟ್ ಟೈರಾದರೆ ಪಂಕ್ಚರಾದಾಗಲೂ ಬೈಕು ಥಟ್ಟನೆ ಕೂರುವುದಿಲ್ಲ ಅನ್ನುವುದು ಮುಖ್ಯ ಕಾರಣ. ಬೈಕು ತಯಾರಿಸುವವರೂ ಟೈರು ತಯಾರಿಸುವವರೂ ಇದನ್ನು ಒಪ್ಪುವುದಿಲ್ಲ. ಹಾಗಿದ್ದೂ ಹಾಕಿಸಿಕೊಂಡವರು ತರಬೇತಿಗೆ ಹೊರಟಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ನಾನು ಈಗಷ್ಟೇ ಬೈಕು ಕಲಿಯುತ್ತಿದ್ದೇನೆ. ಮನೆಯಲ್ಲಿರುವುದು ಕಾರ್ ಟೈರಿನ ಬೈಕು. ಅದರಲ್ಲೇ ಕಲಿಯಬಹುದೇ?

ಬೇಡ. ಹೊಸಬರ ಕೈಗೆ ಬೈಕು ವಾಲುವ ಸಹಜ ರೀತಿ ಮೊದಲು ಗೊತ್ತಾಗಬೇಕು. ಹ್ಯಾಂಡಲನ್ನು ಎಷ್ಟು ಒತ್ತಿದರೆ ಎಷ್ಟು ವಾಲುತ್ತದೆ, ಬಿಟ್ಟರೆ ಎಷ್ಟು ಬೇಗ ನೆಟ್ಟಗಾಗುತ್ತದೆ ಅನ್ನುವ ಲೆಕ್ಕ ತಲೆಯಲ್ಲಲ್ಲ, ತೋಳಿನಲ್ಲಿ ಕೂರಬೇಕಾದದ್ದು. ಕಾರ್ ಟೈರಿನಲ್ಲಿ ಆ ಲೆಕ್ಕ ಬೇರೆಯೇ ಆಗಿರುತ್ತದೆ. ಮೊದಲ ಪಾಠವೇ ಅದಾದರೆ ಮುಂದೆ ಬೇರೆ ಯಾವ ಬೈಕು ಹತ್ತಿದರೂ ತಿರುವಿನಲ್ಲಿ ಬೇಕಾದ್ದಕ್ಕಿಂತ ಜೋರಾಗಿ ಒತ್ತುತ್ತೀರಿ. ಹೊಸಬರ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಸಂಸ್ಥೆಯವರೇ ಹಗುರವಾದ ಬೈಕು ಕೊಡುತ್ತಾರೆ. ಅದರಲ್ಲೇ ಕಲಿಯಿರಿ. ಮುಂದಿನ ಉತ್ತರಗಳೆಲ್ಲ ಈಗಾಗಲೇ ಲೈಸೆನ್ಸ್ ಇದ್ದು, ಸ್ವಂತ ಬೈಕಿನಲ್ಲಿ ಮಾಡುವ ಕೋರ್ಸಿಗೆ ಹೋಗುವವರಿಗೆ.

ತಿರುವಿನಲ್ಲಿ ಕಾರ್ ಟೈರು ಅಷ್ಟೊಂದು ಬೇರೆಯಾಗಿ ವರ್ತಿಸುವುದು ಯಾಕೆ?

ಬೈಕ್ ಟೈರನ್ನು ಅಡ್ಡ ಕೊಯ್ದು ನೋಡಿದರೆ ಮೇಲ್ಮೈ ಕಮಾನಿನಂತೆ ದುಂಡಗಿರುತ್ತದೆ. ಬೈಕು ಎಷ್ಟೇ ವಾಲಿದರೂ ನೆಲಕ್ಕೆ ತಾಗುವ ಭಾಗ ಆ ಕಮಾನಿನ ಮೇಲೆ ನುಣುಪಾಗಿ ಜರುಗುತ್ತಾ ಹೋಗುತ್ತದೆ. ಕಾರ್ ಟೈರಿನ ಮೇಲ್ಮೈ ಚಪ್ಪಟೆ, ಅಂಚು ಚೌಕ. ವಾಲಿಸಿದಾಗ ನೆಲಕ್ಕೆ ತಾಗುವ ಭಾಗ ಒಮ್ಮೆಗೇ ಒಳ ಅಂಚಿನ ಕಡೆ ಹೋಗುತ್ತದೆ. 195 ಮಿ.ಮೀ ಅಗಲದ ಟೈರಿನಲ್ಲಿ ಅಂಚು ನಡುವಿನಿಂದ ಸುಮಾರು 80-90 ಮಿ.ಮೀ ದೂರ. ಬೈಕಿನ ಭಾರ ಆ ಅಂಚಿನ ಹೊರಗಡೆ ಬೀಳುವುದರಿಂದ ಬೈಕನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಬಲ ಹುಟ್ಟುತ್ತದೆ. ಇದರಿಂದ ಮೂರು ಪರಿಣಾಮ.

ಒಂದು, ತಿರುವು ಮುಗಿಯುವ ತನಕ ಒಳಬದಿಯ ಹ್ಯಾಂಡಲನ್ನು ಒತ್ತಿ ಹಿಡಿದೇ ಇರಬೇಕು. ಬೈಕ್ ಟೈರಿನಲ್ಲಿ ಒಮ್ಮೆ ಒತ್ತಿ ವಾಲಿಸಿದರೆ ಬೈಕು ಹೆಚ್ಚುಕಡಿಮೆ ತಾನಾಗಿ ಆ ಕೋನದಲ್ಲಿ ನಿಲ್ಲುತ್ತದೆ. ಇಲ್ಲಿ ಕೈ ಸಡಿಲಿಸಿದ ತಕ್ಷಣ ಬೈಕು ಎದ್ದು ತಿರುವಿನ ಹೊರಗಡೆ ಸಾಗುತ್ತದೆ.

ಎರಡು, ಅದೇ ವೇಗಕ್ಕೆ ಬೈಕು ಕೆಲವು ಡಿಗ್ರಿ ಹೆಚ್ಚು ವಾಲಬೇಕಾಗುತ್ತದೆ. ಹಾಗಾಗಿ ಕಾಲಿಡುವ ಪೆಗ್ಗು ನೆಲಕ್ಕೆ ಬೇಗ ಉಜ್ಜುತ್ತದೆ.

ಮೂರು, ನೆಲ ಒಂದು ಬದಿಗೆ ಇಳಿಜಾರಾಗಿದ್ದರೆ ಚಪ್ಪಟೆ ಟೈರು ಆ ಇಳಿಜಾರಿಗೆ ಲಂಬವಾಗಿ ನಿಲ್ಲಲು ನೋಡುತ್ತದೆ, ಬೈಕನ್ನು ಎಳೆಯುತ್ತದೆ. ತರಬೇತಿ ಮೈದಾನಗಳಲ್ಲಿ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಮಾಮೂಲಿ ಬೈಕಿನವರಿಗೆ ಅದು ಗಮನಕ್ಕೇ ಬರುವುದಿಲ್ಲ, ನಿಮಗೆ ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ.

ಭಾರದ ವಿಷಯವೂ ಇದೆ. 2001ರಿಂದ 2017ರವರೆಗಿನ ಗೋಲ್ಡ್‌ವಿಂಗ್ ಜಿಎಲ್1800ರ ಹಿಂದಿನ ಮೂಲ ಟೈರು 180/60 ಆರ್ 16 (ಕ್ರಮವಾಗಿ ಮಿ.ಮೀನಲ್ಲಿ ಅಗಲ, ಅದರ ಶೇಕಡಾವಾರು ಪಕ್ಕದ ಎತ್ತರ, ಇಂಚಿನಲ್ಲಿ ರಿಮ್ಮಿನ ವ್ಯಾಸ), ಲೋಡ್ ಇಂಡೆಕ್ಸ್ ಅಂದರೆ ಹೊರುವ ಭಾರದ ಸಂಕೇತ 74. ಅಂದರೆ 375 ಕೆ.ಜಿ ಹೊರುವ ಟೈರು. ಅದರ ಜಾಗಕ್ಕೆ ಹೆಚ್ಚಿನವರು ಹಾಕುವ 195/55 ಆರ್ 16 ಕಾರ್ ಟೈರಿನ ಇಂಡೆಕ್ಸ್ 87, ಅಂದರೆ 545 ಕೆ.ಜಿ. ಕೇಳಲು ಇದು ಒಳ್ಳೆಯದೇ ಅನ್ನಿಸಬಹುದು. ಆದರೆ ಹೊರಬೇಕಾದ್ದಕ್ಕಿಂತ ತೀರಾ ಕಡಿಮೆ ಭಾರ ಬಿದ್ದಾಗ ಟೈರು ಸರಿಯಾಗಿ ಬಾಗುವುದೂ ಇಲ್ಲ, ಬಿಸಿಯಾಗುವುದೂ ಇಲ್ಲ. ರಬ್ಬರು ಬಿಸಿಯಾಗದಿದ್ದರೆ ಅಂಚಿನಲ್ಲಿ ಸಿಗುವ ಹಿಡಿತ ಎಷ್ಟೆಂದು ಅಂದಾಜು ಮಾಡುವುದೇ ಕಷ್ಟ.

ತರಬೇತಿ ಸಂಸ್ಥೆಯವರು ಇಂಥ ಬೈಕನ್ನು ಒಳಗೆ ಬಿಡುತ್ತಾರಾ?

ಕೆಲವರು ಬಿಡುತ್ತಾರೆ, ಕೆಲವರು ಇಲ್ಲ. ಸ್ವಂತ ಬೈಕಿನ ಕೋರ್ಸುಗಳಲ್ಲಿ ಸವಾರಿ ಶುರುವಾಗುವ ಮೊದಲು ಬೈಕಿನ ತಪಾಸಣೆ ಇರುತ್ತದೆ. ಅಮೆರಿಕದ ಮೋಟಾರ್‌ಸೈಕಲ್ ಸೇಫ್ಟಿ ಫೌಂಡೇಶನ್ ಹೇಳಿಕೊಡುವ ‘ಟಿ-ಕ್ಲಾಕ್ಸ್’ ತಪಾಸಣೆಯಲ್ಲಿ ಮೊದಲ ಅಕ್ಷರವೇ ಟೈರು ಮತ್ತು ಚಕ್ರದ್ದು. ಆಮೇಲೆ ಕಂಟ್ರೋಲ್, ದೀಪ, ಎಣ್ಣೆ, ಚಾಸಿ, ಸ್ಟ್ಯಾಂಡು. ಬಗ್ಗಿ ನೋಡಿದ ತರಬೇತುದಾರರಿಗೆ ಚೌಕ ಅಂಚಿನ ಟೈರು ಕಾಣದೆ ಇರುವುದಿಲ್ಲ. ತಯಾರಕರು ಒಪ್ಪದ ಟೈರಿರುವ ಬೈಕು ಬಿದ್ದು ಯಾರಿಗಾದರೂ ಪೆಟ್ಟಾದರೆ ಸಂಸ್ಥೆಯ ವಿಮೆ ಪ್ರಶ್ನೆ ಎತ್ತಬಹುದು. ಅವರು ಬೇಡ ಅಂದರೆ ಅದಕ್ಕೆ ಕಾರಣವಿದೆ, ವಾದಕ್ಕಿಳಿಯಬೇಡಿ.

ಹೆಸರು ನೋಂದಾಯಿಸುವಾಗಲೇ ಬರೆದು ಕೇಳಿ. ಬೈಕಿನ ಮಾದರಿ, ವರ್ಷ, ಹಿಂದಿನ ಟೈರಿನ ಅಳತೆ, ಲೋಡ್ ಇಂಡೆಕ್ಸ್, ಎಷ್ಟು ಕಾಲದಿಂದ ಈ ಟೈರಿನಲ್ಲಿ ಓಡಿಸುತ್ತಿದ್ದೀರಿ ಅನ್ನುವುದಿಷ್ಟನ್ನೂ ತಿಳಿಸಿ. ಒಪ್ಪದಿದ್ದರೆ ಅವರದೇ ಬೈಕು ಸಿಗುತ್ತದಾ ಅಂತಲೂ ಅದರಲ್ಲೇ ಕೇಳಿ. ಬೆಳಿಗ್ಗೆ ಮೈದಾನಕ್ಕೆ ಹೋದ ಮೇಲೆ ವಾಪಸ್ ಕಳಿಸಿದರೆ ದಿನವೂ ಹಾಳು, ಕಟ್ಟಿದ ಹಣವೂ ಹೋಗಬಹುದು.

ಹೇಳದೆ ಹೋದರೆ ಏನಾಗುತ್ತದೆ?

ತರಬೇತುದಾರರು ನಿಮ್ಮ ಬೈಕು ಹೋಗುವ ರೀತಿ ನೋಡಿಯೇ ಸಲಹೆ ಕೊಡುವುದು. ತಿರುವಿನ ನಡುವೆ ಬೈಕು ಎದ್ದು ಹೊರಗೆ ಹೋದರೆ ‘ಹ್ಯಾಂಡಲ್ ಬಿಗಿ ಹಿಡಿದಿದ್ದೀರಿ, ಕೈ ಸಡಿಲ ಬಿಡಿ’ ಅನ್ನುತ್ತಾರೆ. ಬೈಕ್ ಟೈರಿಗೆ ಆ ಸಲಹೆ ಸರಿ. ಕಾರ್ ಟೈರಿನಲ್ಲಿ ಕೈ ಸಡಿಲ ಬಿಟ್ಟರೆ ಬೈಕು ಇನ್ನೂ ಹೊರಗೆ ಹೋಗುತ್ತದೆ. ಒಳ್ಳೆಯ ತರಬೇತುದಾರರ ಕಣ್ಣಿಗೂ ತಪ್ಪು ಕಾರಣ ಕಾಣುವಂತೆ ಮಾಡಿದ ಹಾಗಾಯಿತು. ದಯವಿಟ್ಟು ಮುಚ್ಚಿಡಬೇಡಿ.

ಕೋರ್ಸಿಗೆ ಮುಂಚೆ ಬೈಕಿನಲ್ಲಿ ಏನೇನು ನೋಡಿಕೊಳ್ಳಬೇಕು?

ಮೊದಲು ಟೈರು ರಿಮ್ಮಿಗೆ ಸರಿಯಾಗಿ ಕೂತಿದೆಯೇ ಅನ್ನುವುದು. ಸೈಡ್‌ವಾಲಿನಲ್ಲಿ, ಅಂದರೆ ಟೈರಿನ ಪಕ್ಕದ ಮೈಯಲ್ಲಿ, ರಿಮ್ಮಿಗೆ ಅಂಟಿದಂತೆ ಒಂದು ತೆಳು ಗೆರೆ ಉಬ್ಬಿರುತ್ತದೆ. ಆ ಗೆರೆಗೂ ರಿಮ್ಮಿನ ಅಂಚಿಗೂ ಇರುವ ಅಂತರ ಚಕ್ರದ ಸುತ್ತಲೂ, ಎರಡೂ ಬದಿಯಲ್ಲಿ ಒಂದೇ ಸಮ ಇರಬೇಕು. ಒಂದು ಕಡೆ ಗೆರೆ ಒಳಗೆ ಹುದುಗಿದ್ದರೆ ಬೀಡ್ (ರಿಮ್ಮನ್ನು ಕಚ್ಚಿ ಹಿಡಿಯುವ ಟೈರಿನ ಒಳ ಅಂಚು) ಅಲ್ಲಿ ಪೂರ್ತಿ ಕೂತಿಲ್ಲ. ಬೈಕ್ ರಿಮ್ಮಿನಲ್ಲಿ ಬೀಡ್ ಕೂರುವ ಜಾಗದ ಆಕಾರವೂ ಅದರ ಒಳಗಿನ ದಿಬ್ಬವೂ ಕಾರ್ ರಿಮ್ಮಿಗಿಂತ ಬೇರೆ. ಈ ಜೋಡಣೆಯಲ್ಲಿ ಅತಿ ಅಪಾಯದ ಹಂತವೂ ಇದೇ. ಕೂರಲಿಲ್ಲ ಅಂತ 40 ಪಿಎಸ್‌ಐ ದಾಟಿ ಗಾಳಿ ಏರಿಸುತ್ತಾ ಹೋಗುವವರಿದ್ದಾರೆ. ಬೀಡಿನೊಳಗಿನ ತಂತಿ ತುಂಡಾದರೆ ಟೈರು ಸಿಡಿಯುತ್ತದೆ, ಪಕ್ಕದಲ್ಲಿ ನಿಂತವರ ಪ್ರಾಣಕ್ಕೇ ಕುತ್ತು. 40ಕ್ಕೆ ಕೂರದಿದ್ದರೆ ಗಾಳಿ ಪೂರ್ತಿ ಬಿಟ್ಟು, ಬೀಡಿಗೆ ಲೂಬ್ರಿಕೆಂಟ್ ಹಚ್ಚಿ ಮತ್ತೆ ಕೂರಿಸಬೇಕು. ಆಗಲೂ ಕೂರದಿದ್ದರೆ ಆ ಟೈರು ಆ ರಿಮ್ಮಿಗೆ ಬೇಡ.

ರಿಮ್ಮಿನ ಅಗಲವನ್ನೂ ತಿಳಿದಿರಿ. 195/55 ಆರ್ 16 ಟೈರಿಗೆ ಒಪ್ಪಿತ ರಿಮ್ ಅಗಲ 5.5ರಿಂದ 7 ಇಂಚು. ಜಿಎಲ್1800ರ ಹಿಂದಿನ ರಿಮ್ 5 ಇಂಚು. ಅಂದರೆ ಅತಿ ಹೆಚ್ಚು ಜನ ಹಾಕುವ ಜೋಡಣೆಯೇ ಟೈರಿನ ಸ್ವಂತ ಮಿತಿಯ ಹೊರಗಿದೆ. ಹಾಕಿದವರಿಗೆಲ್ಲ ಈ ವಿಷಯ ಗೊತ್ತಿರಬೇಕು, ತರಬೇತುದಾರರು ಕೇಳಿದರೆ ನೇರವಾಗಿ ಹೇಳಬೇಕು.

ಮುಂದಿನದು ಅಂತರ. ಟೈರಿಗೂ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್‌ಆರ್ಮಿಗೂ, ಬ್ರೇಕ್ ಪೈಪಿಗೂ, ಮಡ್‌ಗಾರ್ಡಿನ ಒಳಮೈಗೂ ಎಲ್ಲೆಡೆ ಕನಿಷ್ಠ 5 ಮಿ.ಮೀ ಜಾಗ ಇಟ್ಟುಕೊಳ್ಳಿ. ಬೈಕು ಸೆಂಟರ್ ಸ್ಟ್ಯಾಂಡಿನ ಮೇಲಿರುವಾಗ ಮಾತ್ರ ನೋಡಿದರೆ ಸಾಲದು. ಇಬ್ಬರು ಕೂತು ಸಸ್ಪೆನ್ಷನ್ ಕುಗ್ಗಿದಾಗ ಮೂರನೆಯವರು ಬಗ್ಗಿ ನೋಡಲಿ. ಮಡ್‌ಗಾರ್ಡಿನ ಒಳಗೆ ಹೊಳೆಯುವ ಉಜ್ಜು ಗುರುತು ಕಂಡರೆ ಟೈರು ಆಗಲೇ ತಾಗುತ್ತಿದೆ ಎಂದರ್ಥ.

ಉಳಿದವು ಎಲ್ಲ ಟೈರಿಗೂ ಇರುವವೇ. ಟ್ರೆಡ್ಡಿನ ತೋಡಿನೊಳಗಿನ ಗುರುತಿಗೆ, ಅಂದರೆ 1.6 ಮಿ.ಮೀಗೆ ಸವೆದಿದ್ದರೆ ಬದಲಿಸಿ. ಸೈಡ್‌ವಾಲಿನ ನಾಲ್ಕು ಅಂಕಿಯ ತಯಾರಿಕೆ ಗುರುತು ನೋಡಿ: ಮೊದಲೆರಡು ವಾರ, ಕೊನೆಯೆರಡು ವರ್ಷ. ವಾಲ್ವ್ ಬಿರುಕು ಬಿಟ್ಟಿಲ್ಲವೇ ಅಂತ ಬಗ್ಗಿಸಿ ನೋಡಿ.

ಗಾಳಿ ಎಷ್ಟಿರಬೇಕು?

ಬೈಕಿನ ಪುಸ್ತಕದಲ್ಲಿರುವ ಅಂಕಿ ಮೂಲ ಟೈರಿಗೆ ಕೊಟ್ಟದ್ದು. ಜಿಎಲ್1800ಕ್ಕೆ ಅದು ಹಿಂದೆ 41 ಪಿಎಸ್‌ಐ. ಅಷ್ಟೇ ಗಾಳಿಯನ್ನು ಕಾರ್ ಟೈರಿಗೆ ತುಂಬಿದರೆ ಸೈಡ್‌ವಾಲ್ ಬಾಗದೆ, ವಾಲಿದಾಗ ಬೈಕು ಬರೀ ಅಂಚಿನ ಮೇಲೆ ಓಡುತ್ತದೆ. ತೀರಾ ಇಳಿಸಿದರೆ ಹಿಂಬದಿ ತೂಗಾಡುತ್ತದೆ, ವಾಲಿದಾಗ ಬೀಡ್ ಮೇಲೆ ಎಳೆತ ಬೀಳುತ್ತದೆ. ಓಡಿಸುವವರಲ್ಲಿ ಹೆಚ್ಚಿನವರು ನೆಲೆ ನಿಲ್ಲುವುದು 30ರಿಂದ 36ರ ಆಸುಪಾಸಿನಲ್ಲಿ. ಒಂದು ಸಲಕ್ಕೆ 2 ಪಿಎಸ್‌ಐ ಮಾತ್ರ ಬದಲಿಸಿ, ಟೈರು ತಣ್ಣಗಿರುವಾಗಲೇ ಅಳೆದು, ಗೊತ್ತಿರುವ ರಸ್ತೆಯಲ್ಲಿ ಓಡಿಸಿ ನೋಡಬೇಕು. ಈ ಪ್ರಯೋಗ ಕೋರ್ಸಿಗೆ ವಾರಗಳ ಮುಂಚೆ ಮುಗಿದಿರಲಿ. ಮೈದಾನದಲ್ಲಿ ಗಾಳಿ ಏರಿಸಿ ಇಳಿಸಿ ಮಾಡಿದರೆ ಬದಲಾಗಿದ್ದು ನಿಮ್ಮ ಕೈಯೋ ಟೈರೋ ಅಂತ ಗೊತ್ತಾಗುವುದಿಲ್ಲ.

ಯು-ಟರ್ನ್ ಮತ್ತು ಎಂಟರ ಆಕಾರದ ಅಭ್ಯಾಸ ಹೇಗಿರುತ್ತದೆ?

ಕಾರ್ ಟೈರಿನವರು ಅತಿ ಹೆಚ್ಚು ತಡವರಿಸುವುದು ಇಲ್ಲೇ. ಬ್ರಿಟನ್ನಿನ ಬೈಕ್ ಲೈಸೆನ್ಸಿನ ಮಾಡ್ಯೂಲ್ 1 ಪರೀಕ್ಷೆಯಲ್ಲಿ ಯು-ಟರ್ನ್‌ಗೆ ಕೊಡುವ ಅಗಲ 7.5 ಮೀಟರ್. ಬೇರೆ ಕಡೆಯ ಅಭ್ಯಾಸದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಸುಮಾರು 3.5 ಮೀಟರ್ ತ್ರಿಜ್ಯದಲ್ಲಿ ಗಂಟೆಗೆ 12 ಕಿ.ಮೀ ವೇಗದಲ್ಲಿ ತಿರುಗಿದರೆ ಲೆಕ್ಕದ ಪ್ರಕಾರ 18 ಡಿಗ್ರಿಯಷ್ಟು ವಾಲಬೇಕು. ಸವಾರ ಹೊರಬದಿಗೆ ಜರುಗಿ ಕೂತರೆ ಬೈಕು ಅದಕ್ಕಿಂತಲೂ ಹೆಚ್ಚು ವಾಲುತ್ತದೆ. ಅಷ್ಟರಲ್ಲಿ ಚಪ್ಪಟೆ ಟೈರಿನ ಹೊರಬದಿ ನೆಲ ಬಿಡಲು ಶುರುವಾಗಿರುತ್ತದೆ.

ಅನುಭವಕ್ಕೆ ಬರುವುದು ಹೀಗೆ: ಮೊದಲ ಕೆಲವು ಡಿಗ್ರಿ ಬೈಕು ವಾಲಲು ಒಪ್ಪುವುದಿಲ್ಲ. ಸ್ವಲ್ಪ ಹೆಚ್ಚು ಒತ್ತಿದಾಗ ಮೆಟ್ಟಿಲು ಇಳಿದಂತೆ ಒಮ್ಮೆಗೇ ಅಂಚಿನ ಮೇಲೆ ಕೂರುತ್ತದೆ. ಆ ಕ್ಷಣ ಹೆದರಿ ಆಕ್ಸಿಲರೇಟರ್ ಮುಚ್ಚಿದರೆ, ಇಲ್ಲವೇ ಮುಂದಿನ ಬ್ರೇಕ್ ಹಿಡಿದರೆ, 400 ಕೆ.ಜಿಯ ಆಸುಪಾಸಿನ ಬೈಕು ಒಳಬದಿಗೆ ಬೀಳುತ್ತದೆ.

ಸರಿಯಾದ ಕ್ರಮ ಇದು. ಕ್ಲಚ್ಚನ್ನು ಅರ್ಧ ಹಿಡಿತದಲ್ಲಿ ಇಟ್ಟು, ಎಂಜಿನ್ ವೇಗ ಒಂದೇ ಸಮ ಇರಿಸಿ, ಹಿಂದಿನ ಬ್ರೇಕನ್ನು ಹಗುರವಾಗಿ ತಾಗಿಸಿ ವೇಗ ನಿಯಂತ್ರಿಸಿ. ತಿರುಗಿಸುವ ಮೊದಲೇ ದೇಹ ಹೊರಬದಿಗೆ ಜರುಗಿರಲಿ. ಹ್ಯಾಂಡಲನ್ನು ಹಂತ ಹಂತವಾಗಿ ತಿರುಗಿಸದೆ ಒಂದೇ ಚಲನೆಯಲ್ಲಿ ಬೇಕಾದಷ್ಟು ತಿರುಗಿಸಿ. ಆ ‘ಮೆಟ್ಟಿಲು’ ಆರಂಭದಲ್ಲೇ ಬಂದು ಹೋಗಲಿ, ನಡುದಾರಿಯಲ್ಲಿ ಬೇಡ. ನೋಟ ನೆಲದ ಮೇಲಿರದೆ ಹೊರಬರುವ ದಾರಿಯ ಮೇಲಿರಲಿ. ಎಂಟರ ಆಕಾರದಲ್ಲಿ ಎಡದಿಂದ ಬಲಕ್ಕೆ ದಾಟುವಾಗ ಈ ಮೆಟ್ಟಿಲು ಎರಡು ಸಲ ಬರುತ್ತದೆ, ಎದ್ದು ನಿಲ್ಲುವಾಗೊಮ್ಮೆ, ಮತ್ತೆ ವಾಲುವಾಗೊಮ್ಮೆ. ನಡುವೆ ಒಂದು ಬೈಕಿನ ಉದ್ದದಷ್ಟು ನೇರವಾಗಿ ಸಾಗಲು ಜಾಗ ಇಟ್ಟುಕೊಂಡರೆ ಕೈಗೆ ಸಮಯ ಸಿಗುತ್ತದೆ.

ತೋಳು ಬೇಗ ಸೋಲುತ್ತದೆ ಅನ್ನುವುದೂ ನೆನಪಿರಲಿ. ಸೋತ ತೋಳು ತಿರುವಿನ ನಡುವೆ ತಾನಾಗಿ ಸಡಿಲವಾಗುತ್ತದೆ. ವಿರಾಮ ಕೇಳಲು ಸಂಕೋಚ ಬೇಡ.

ಅಡ್ಡ ಬಂದದ್ದನ್ನು ತಪ್ಪಿಸುವ ಅಭ್ಯಾಸದಲ್ಲಿ?

ಇದರಲ್ಲಿ ಹ್ಯಾಂಡಲನ್ನು ಎರಡು ಸಲ ಒತ್ತುತ್ತೀರಿ: ಪಕ್ಕಕ್ಕೆ ಸರಿಯಲು ಒಮ್ಮೆ, ಮತ್ತೆ ನೇರಕ್ಕೆ ಬರಲು ಇನ್ನೊಮ್ಮೆ. ಕಾರ್ ಟೈರಿನಲ್ಲಿ ಮೊದಲ ಒತ್ತಿಗೆ ಹೆಚ್ಚು ಬಲ ಬೇಕು. ಎರಡನೆಯದಕ್ಕೆ ಕಡಿಮೆ ಸಾಕು, ಯಾಕೆಂದರೆ ಬೈಕು ತಾನಾಗಿಯೇ ಎದ್ದು ನಿಲ್ಲಲು ಕಾದಿರುತ್ತದೆ. ಎರಡಕ್ಕೂ ಒಂದೇ ಬಲ ಹಾಕಿದರೆ ವಾಪಸ್ ಬರುವಾಗ ಆಚೆಯ ಗೆರೆ ದಾಟಿಬಿಡುತ್ತೀರಿ. ಬ್ರಿಟನ್ನಿನ ಪರೀಕ್ಷೆಯಲ್ಲಿ ಇದನ್ನು ಗಂಟೆಗೆ ಕನಿಷ್ಠ 50 ಕಿ.ಮೀ ವೇಗದಲ್ಲಿ ಮಾಡಿಸುತ್ತಾರೆ. ನೀವು 25ರಿಂದ ಶುರು ಮಾಡಿ, ಕೈಗೆ ಬಲದ ಅಂದಾಜು ಸಿಕ್ಕ ಮೇಲೆ ಏರಿಸಲು ಅವಕಾಶ ಕೇಳಿ. ಸರಿಯುವಾಗ ಬ್ರೇಕ್ ಬೇಡ ಅನ್ನುವ ನಿಯಮ ಎಲ್ಲ ಟೈರಿಗೂ ಒಂದೇ. ಮೊದಲು ಬ್ರೇಕ್ ಹಿಡಿದು ಬಿಟ್ಟು ಆಮೇಲೆ ಸರಿಯಿರಿ, ಇಲ್ಲವೇ ಸರಿದ ಮೇಲೆ ನೆಟ್ಟಗಾಗಿ ಬ್ರೇಕ್ ಹಿಡಿಯಿರಿ.

ತುರ್ತು ಬ್ರೇಕಿನಲ್ಲಿ ಕಾರ್ ಟೈರು ಮೇಲಲ್ಲವೇ?

ನೇರ ಸಾಗುವಾಗ ಹಿಂದಿನ ಚಕ್ರಕ್ಕೆ ಹೆಚ್ಚು ನೆಲ ಸಿಗುತ್ತದೆ, ಅದು ಬೇಗ ಲಾಕ್ ಆಗುವುದಿಲ್ಲ. ಅಷ್ಟು ಮಾತ್ರ ನಿಜ. ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಚಕ್ರದ್ದೇ. ಅಲ್ಲಿರುವುದು ಅದೇ ಬೈಕ್ ಟೈರು. ಕಾರ್ ಟೈರಿನವರು ಹಿಂದಿನ ಬ್ರೇಕನ್ನೇ ನಂಬುವ ಅಭ್ಯಾಸ ಬೆಳೆಸಿಕೊಳ್ಳುವುದುಂಟು. ಈ ಕೋರ್ಸಿನಿಂದ ನಿಮಗೆ ಆಗುವ ದೊಡ್ಡ ಲಾಭ ಆ ಅಭ್ಯಾಸ ಬಿಡುವುದೇ ಆಗಬಹುದು. ಮುಂದಿನ ಬ್ರೇಕನ್ನು ಥಟ್ಟನೆ ಕಚ್ಚದೆ, ಒತ್ತಡ ಏರಿಸುತ್ತಾ ಹಿಡಿಯುವುದನ್ನು ತರಬೇತುದಾರರ ಮುಂದೆ ಮತ್ತೆ ಮತ್ತೆ ಮಾಡಿ.

ಹಲಗೆ ದಾಟುವ ಅಭ್ಯಾಸ?

ನೇರವಾಗಿ ದಾಟಿದರೆ ತೊಂದರೆಯಿಲ್ಲ. ಓರೆಯಾಗಿ ಹೋದರೆ ಚೌಕ ಅಂಚು ಹಲಗೆಗೆ ಸಿಕ್ಕಿ ಹಿಂಬದಿ ಪಕ್ಕಕ್ಕೆ ಎಗರುತ್ತದೆ. ರಸ್ತೆಯ ಉದ್ದುದ್ದ ಬಿರುಕು, ಡಾಂಬರಿನ ಅಂಚಿನಲ್ಲೂ ಹೀಗೆಯೇ.

ಎಬಿಎಸ್, ಟ್ರ್ಯಾಕ್ಷನ್ ಕಂಟ್ರೋಲ್ ಕೆಲಸ ಮಾಡುತ್ತವಾ?

ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ಎಬಿಎಸ್, ಆಕ್ಸಿಲರೇಟರ್ ಕೊಟ್ಟಾಗ ಹಿಂದಿನ ಚಕ್ರ ಜಾರದಂತೆ ಟ್ರ್ಯಾಕ್ಷನ್ ಕಂಟ್ರೋಲ್ ನೋಡಿಕೊಳ್ಳುತ್ತವೆ. ಅವು ಮುಂದಿನ ಹಿಂದಿನ ಚಕ್ರಗಳ ವೇಗ ಹೋಲಿಸಿ ಕೆಲಸ ಮಾಡುತ್ತವೆ. 180/60 ಆರ್ 16ರ ವ್ಯಾಸ ಲೆಕ್ಕದಲ್ಲಿ 622 ಮಿ.ಮೀ, 195/55 ಆರ್ 16ರದ್ದು 621. ವ್ಯತ್ಯಾಸವೇ ಇಲ್ಲ ಅನ್ನಬಹುದು. 205/55 ಆರ್ 16 ಹಾಕಿದರೆ 632, ಅಂದರೆ ಸುಮಾರು ಶೇ 1.5 ಹೆಚ್ಚು. ವಾಲಿದಾಗಿನ ಲೆಕ್ಕ ಬೇರೆ. ಬೈಕ್ ಟೈರು ವಾಲಿದಾಗ ಉರುಳುವ ತ್ರಿಜ್ಯ ಕಡಿಮೆಯಾಗುತ್ತಾ ಹೋಗುವುದನ್ನು ಆಧುನಿಕ ಬೈಕಿನ ಕಂಪ್ಯೂಟರ್ ಗಮನದಲ್ಲಿಟ್ಟುಕೊಂಡಿರುತ್ತದೆ. ಕಾರ್ ಟೈರು ಆ ರೀತಿ ನಡೆದುಕೊಳ್ಳುವುದಿಲ್ಲ. ವಾಲಿದ ಸ್ಥಿತಿಯಲ್ಲಿ ಈ ವ್ಯವಸ್ಥೆ ಕಾಪಾಡುತ್ತದೆ ಅಂತ ನಂಬಿ ಅಭ್ಯಾಸ ಮಾಡಬೇಡಿ.

ರೇಸ್ ಟ್ರ್ಯಾಕಿನಲ್ಲಿ ನಡೆಯುವ ತಿರುವಿನ ತರಬೇತಿಗೆ ಹೋಗಬಹುದೇ?

ಕಾರ್ ಟೈರಿನಲ್ಲಿ ಖಂಡಿತ ಬೇಡ. ಅಲ್ಲಿ ಕಲಿಸುವುದೇ ಆಳವಾಗಿ ವಾಲಿಸುವುದನ್ನು. ಆ ಕೋನದಲ್ಲಿ ನೆಲಕ್ಕೆ ತಾಗುವುದು ಅಂಚು ಮತ್ತು ಸೈಡ್‌ವಾಲ್, ಸೈಡ್‌ವಾಲ್ ನೆಲ ಹಿಡಿಯಲೆಂದು ಮಾಡಿದ್ದಲ್ಲ. ನಿಮ್ಮ ಹಿಂದೆ ಬೇರೆ ಸವಾರರೂ ಬರುತ್ತಿರುತ್ತಾರೆ.

ಕೋರ್ಸಿಗೆಂದು ಬೈಕ್ ಟೈರಿಗೆ ಮರಳುವುದು ಒಳ್ಳೆಯದಾ?

ಸಾಧ್ಯವಿದ್ದರೆ ಅದೇ ಅತ್ಯುತ್ತಮ, ಅದರಲ್ಲೂ ತಿರುವು ಕಲಿಯುವುದೇ ಉದ್ದೇಶವಾಗಿದ್ದರೆ. ಆದರೆ ಹಿಂದಿನ ಸಂಜೆ ಬದಲಿಸಿ ಬೆಳಿಗ್ಗೆ ಹೋಗಬೇಡಿ. ಹೊಸ ಬೈಕ್ ಟೈರಿನ ಮೇಲ್ಮೈ ಪಳಗಲು ಸುಮಾರು 160 ಕಿ.ಮೀ ನಿಧಾನದ ಓಟ ಬೇಕು. ಜತೆಗೆ, ಬಹುಕಾಲ ಕಾರ್ ಟೈರು ಒತ್ತಿ ಅಭ್ಯಾಸವಾದ ಕೈ ಬೈಕ್ ಟೈರಿನಲ್ಲಿ ಅದೇ ಬಲ ಹಾಕುತ್ತದೆ, ಬೈಕು ತಿರುವಿನೊಳಗೆ ಬಿದ್ದೇ ಹೋಯಿತು ಅನ್ನಿಸುವಷ್ಟು ಬೇಗ ವಾಲುತ್ತದೆ. ಟೈರು ಪಳಗಿಸುವ ಆ ಓಟದಲ್ಲೇ ಕೈಯೂ ಪಳಗಲಿ.

ಕೋರ್ಸು ಮುಗಿದು ಮತ್ತೆ ಕಾರ್ ಟೈರಿಗೆ ಹೋಗುವುದಾದರೆ ಕಲಿತದ್ದರಲ್ಲಿ ನೋಟ, ಬ್ರೇಕು, ಕ್ಲಚ್ಚು, ರಸ್ತೆಯಲ್ಲಿ ಜಾಗ ಹಿಡಿಯುವುದು ಹಾಗೆಯೇ ಉಳಿಯುತ್ತವೆ. ಹ್ಯಾಂಡಲಿಗೆ ಹಾಕುವ ಬಲವನ್ನು ಮಾತ್ರ ಖಾಲಿ ಜಾಗದಲ್ಲಿ ಮತ್ತೆ ಹೊಂದಿಸಿಕೊಳ್ಳಬೇಕು.

ಮುಂದಿನ ಚಕ್ರಕ್ಕೂ ಕಾರ್ ಟೈರು ಹಾಕಿದರೆ?

ಬೇಡವೇ ಬೇಡ. ಬೈಕನ್ನು ತಿರುಗಿಸುವುದೂ ಸಮತೋಲನದಲ್ಲಿಡುವುದೂ ಮುಂದಿನ ಟೈರಿನ ದುಂಡನೆಯ ಮೈ.

ನನ್ನದು ಸೈಡ್‌ಕಾರ್, ಅಥವಾ ಮೂರು ಚಕ್ರದ ಟ್ರೈಕ್. ನನಗೂ ಇದೆಲ್ಲ ಅನ್ವಯಿಸುತ್ತದಾ?

ಇಲ್ಲ. ಅವು ವಾಲುವುದೇ ಇಲ್ಲವಾದ್ದರಿಂದ ಚಪ್ಪಟೆ ಟೈರೇ ಅವಕ್ಕೆ ಹೊಂದುತ್ತದೆ. ನಿಮಗೆ ಬೇಕಾದದ್ದು ಮೂರು ಚಕ್ರದ ಪ್ರತ್ಯೇಕ ಕೋರ್ಸು. ಎರಡು ಚಕ್ರದ ಕೌಂಟರ್‌ಸ್ಟಿಯರಿಂಗ್ ಪಾಠ, ಅಂದರೆ ಎಡಕ್ಕೆ ಹೋಗಲು ಎಡ ಹ್ಯಾಂಡಲನ್ನು ಮುಂದಕ್ಕೆ ಒತ್ತುವುದು, ಅಲ್ಲಿ ತಿರುವುಮುರುವಾಗುತ್ತದೆ. ಎಡಕ್ಕೆ ಹೋಗಲು ಹ್ಯಾಂಡಲನ್ನು ಎಡಕ್ಕೇ ತಿರುಗಿಸಬೇಕು.

ಕಾನೂನು, ವಿಮೆ?

ದೇಶದಿಂದ ದೇಶಕ್ಕೆ ಬೇರೆ. ವಿಮೆ ಕಂಪನಿಗೆ ಟೈರಿನ ವಿಷಯ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಕೋರ್ಸಿನ ಕೊನೆಯಲ್ಲಿ ಲೈಸೆನ್ಸ್ ಪರೀಕ್ಷೆ ಇದ್ದರೆ ಪರೀಕ್ಷಕರು ಬೈಕು ಒಪ್ಪುತ್ತಾರಾ ಅಂತ ಬೇರೆಯಾಗಿ ಕೇಳಬೇಕು. ತರಬೇತುದಾರರು ಒಪ್ಪಿದ ಮಾತ್ರಕ್ಕೆ ಪರೀಕ್ಷಕರೂ ಒಪ್ಪಬೇಕೆಂದಿಲ್ಲ.

ದಿನದ ಕೊನೆಗೆ ಟೈರಿನಲ್ಲಿ ಏನು ನೋಡಬೇಕು?

ಬೆಳಿಗ್ಗೆಯೇ ಸೀಮೆಸುಣ್ಣದಿಂದ ಟೈರಿನ ಸೈಡ್‌ವಾಲಿನಿಂದ ರಿಮ್ಮಿನವರೆಗೆ ಅಡ್ಡಲಾಗಿ ಒಂದು ನೇರ ಗೆರೆ ಎಳೆದಿಡಿ, ಎರಡೂ ಬದಿಯಲ್ಲಿ. ಬ್ರೇಕ್ ಅಭ್ಯಾಸ ಮುಗಿದ ಮೇಲೆ ಟೈರಿನ ಮೇಲಿನ ಗೆರೆ ರಿಮ್ಮಿನ ಗೆರೆಗೆ ಕೂಡದೆ ಜರುಗಿದ್ದರೆ ಟೈರು ರಿಮ್ಮಿನ ಮೇಲೆ ಜಾರಿದೆ, ಬೀಡಿನ ಹಿಡಿತ ಸಾಲದು. ಆ ಬೈಕನ್ನು ಮನೆಗೆ ಓಡಿಸಿಕೊಂಡು ಹೋಗಬೇಡಿ, ವಾಹನದಲ್ಲಿ ಹೇರಿಕೊಂಡು ಹೋಗಿ. ಗೆರೆ ನೆಟ್ಟಗಿದ್ದರೆ ಅಂಚು ನೋಡಿ. ಟ್ರೆಡ್ಡಿನ ಅಂಚು ಒರಟಾಗಿ ಉಜ್ಜಿರುವುದು ಸಹಜ. ಸೈಡ್‌ವಾಲಿನ ಅಕ್ಷರಗಳವರೆಗೆ ಉಜ್ಜು ಬಂದಿದ್ದರೆ ಗಾಳಿ ಕಡಿಮೆಯಿದೆ ಅಥವಾ ಟೈರು ತಾಳುವುದಕ್ಕಿಂತ ಹೆಚ್ಚು ವಾಲಿಸಿದ್ದೀರಿ. ಟೈರು ಪೂರ್ತಿ ತಣ್ಣಗಾದ ಮೇಲೆ ಗಾಳಿ ಅಳೆದು ಬೆಳಗಿನ ಅಂಕಿಗೆ ಹೋಲಿಸಿ. 2 ಪಿಎಸ್‌ಐಗಿಂತ ಹೆಚ್ಚು ಇಳಿದಿದ್ದರೆ ಬೀಡಿನ ಸುತ್ತ ಮತ್ತು ವಾಲ್ವಿಗೆ ಸೋಪು ನೀರು ಹಚ್ಚಿ ಗುಳ್ಳೆ ಏಳುತ್ತದಾ ನೋಡಿ.